ಎರಡೇ ಸಾಲು, ಒಳಗೊಂದು ತಕ್ಕಡಿ: ಹೀರೋಯಿಕ್ ಕಪ್ಲೆಟ್ ಓದುವ ಬಗೆ

ಮೊದಲು ಈ ಎರಡು ಸಾಲು ಓದಿ. ಮನಸ್ಸಿನಲ್ಲಿ ಅಲ್ಲ, ಬಾಯಿಬಿಟ್ಟು ಓದಿ.

ದ ಹಂಗ್ರಿ ಜಡ್ಜಸ್ ಸೂನ್ ದ ಸೆಂಟೆನ್ಸ್ ಸೈನ್,
ಅಂಡ್ ರೆಚಸ್ ಹ್ಯಾಂಗ್ ದಟ್ ಜ್ಯೂರಿಮೆನ್ ಮೇ ಡೈನ್.

18ನೇ ಶತಮಾನದ ಇಂಗ್ಲಿಷ್ ಕವಿ ಅಲೆಕ್ಸಾಂಡರ್ ಪೋಪ್‌ನ 'ದ ರೇಪ್ ಆಫ್ ದ ಲಾಕ್' ಕಾವ್ಯದ ಮೂರನೇ ಸರ್ಗದ ಸಾಲುಗಳಿವು. ಮಧ್ಯಾಹ್ನ ಇಳಿಯುತ್ತಿದೆ, ಲಂಡನ್ನಿನಲ್ಲಿ ಊಟದ ಹೊತ್ತಾಗುತ್ತಿದೆ. ಹಸಿದ ಜಡ್ಜ್‌ಗಳು ಬೇಗ ಬೇಗ ಶಿಕ್ಷೆಗೆ ಸಹಿ ಹಾಕುತ್ತಾರೆ, ಜ್ಯೂರಿಯವರು ಊಟಕ್ಕೆ ಏಳಬೇಕಲ್ಲ ಅಂತ ಯಾರೋ ಬಡಪಾಯಿಗಳು ನೇಣಿಗೇರುತ್ತಾರೆ. ಇದು ಬರೀ ತಮಾಷೆಯಲ್ಲ. ಆಗಿನ ಇಂಗ್ಲೆಂಡಿನ ಕಾನೂನಿನಲ್ಲಿ ತೀರ್ಪು ಹೇಳುವ ತನಕ ಜ್ಯೂರಿಗೆ ಅನ್ನ ನೀರು ಕೊಡದೆ ಕೂಡಿಹಾಕುವ ಪದ್ಧತಿ ನಿಜವಾಗಿಯೂ ಇತ್ತು. ಈ ಅನ್ಯಾಯದ ಬಗ್ಗೆ ಹತ್ತು ಪುಟ ಬೈದು ಬರೆಯಬಹುದು. ಪೋಪ್ 20 ಸಿಲಬಲ್‌ಗಳಲ್ಲಿ, ಅಂದರೆ ಬಾಯಿ ಒಂದೊಂದೇ ಸಲಕ್ಕೆ ಉಚ್ಚರಿಸುವ 20 ತುಣುಕುಗಳಲ್ಲಿ ಮುಗಿಸುತ್ತಾನೆ, ದನಿಯನ್ನೂ ಏರಿಸುವುದಿಲ್ಲ.

ಹೀರೋಯಿಕ್ ಕಪ್ಲೆಟ್ ಅಂದರೆ ಇದೇ. ಪರೀಕ್ಷೆಯ ನೋಟ್ಸ್‌ಗಳಲ್ಲಿ 'ಪ್ರಾಸವಿರುವ ಎರಡು ಅಯಾಂಬಿಕ್ ಪೆಂಟಾಮೀಟರ್ ಸಾಲುಗಳು' ಅಂತ ಬರೆದಿರುತ್ತಾರೆ. ತಪ್ಪೇನಿಲ್ಲ. ಆದರೆ ಅಷ್ಟು ಬಾಯಿಪಾಠ ಮಾಡಿದರೆ ಈ ಪದ್ಯಗಳು ಯಾಕೆ ನಗಿಸುತ್ತವೆ, ಯಾಕೆ ಚುಚ್ಚುತ್ತವೆ, ಸುಮಾರು ನೂರೈವತ್ತು ವರ್ಷ ಇಂಗ್ಲಿಷ್ ಕವಿಗಳು ಯಾಕೆ ಇದಕ್ಕೇ ಅಂಟಿಕೊಂಡರು ಅನ್ನುವುದು ತಿಳಿಯುವುದಿಲ್ಲ. ನನ್ನ ಪ್ರಕಾರ ಇದನ್ನು ಒಂದು ತಕ್ಕಡಿ ಅಂತ ನೋಡಬೇಕು. ಒಂದು ತಟ್ಟೆಯಲ್ಲಿ ಒಬ್ಬನ ಪ್ರಾಣ, ಇನ್ನೊಂದರಲ್ಲಿ ಒಂದು ಹೊತ್ತಿನ ಊಟ. ಎರಡನ್ನೂ ಸಮನಾಗಿ ತೂಗಿಬಿಟ್ಟರೆ ಸಾಕು, ಅನ್ಯಾಯ ತಾನಾಗೇ ಕಾಣುತ್ತದೆ.

ಮೊದಲು ಲಯದ ವಿಷಯ ಮುಗಿಸಿಕೊಳ್ಳೋಣ, ನಮಗೆ ಕಷ್ಟ ಆಗುವುದು ಇಲ್ಲೇ. ಕನ್ನಡ ಛಂದಸ್ಸು ಕಾಲವನ್ನು ಅಳೆಯುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಂಗ್ಲಿಷ್ ಛಂದಸ್ಸು ಅಳೆಯುವುದು ಒತ್ತನ್ನು. ಯಾವ ಸಿಲಬಲ್ ಮೇಲೆ ನಾಲಿಗೆ ಜೋರಾಗಿ ಬೀಳುತ್ತದೆ ಅನ್ನುವುದೇ ಅಲ್ಲಿ ಲೆಕ್ಕ. ಮೆತ್ತಗಿನದೊಂದು, ಅದರ ಹಿಂದೆ ಒತ್ತಿನದೊಂದು, ಇವೆರಡು ಸೇರಿದರೆ ಒಂದು ಅಯಾಂಬ್. ಅಂಥ ಐದು ಜೋಡಿ ಸೇರಿದರೆ ಪೆಂಟಾಮೀಟರ್. ಮೇಲಿನ ಸಾಲನ್ನೇ ಒಡೆದು ನೋಡಿ:

ದ ಹಂ / ಗ್ರಿ ಜ / ಡ್ಜಸ್ ಸೂನ್ / ದ ಸೆಂ / ಟೆನ್ಸ್ ಸೈನ್

ಪ್ರತಿ ತುಂಡಿನ ಎರಡನೇ ಭಾಗಕ್ಕೆ ಒತ್ತು ಕೊಡಿ. ಐದು ಪೆಟ್ಟು ಸರಿಯಾಗಿ ಬೀಳುತ್ತವೆ. ನಾವು ಇಂಗ್ಲಿಷ್ ಮಾತಾಡುವಾಗ ಎಲ್ಲಾ ಸಿಲಬಲ್‌ಗಳಿಗೂ ಹೆಚ್ಚುಕಡಿಮೆ ಒಂದೇ ತೂಕ ಕೊಡುತ್ತೇವೆ. ಹಾಗಾಗಿ ಸುಮ್ನೆ ಕಣ್ಣಲ್ಲಿ ಓದಿದರೆ ಈ ಲಯ ನಮಗೆ ಕೇಳಿಸುವುದೇ ಇಲ್ಲ. ಮೊದಮೊದಲು ಸ್ವಲ್ಪ ಅತಿ ಮಾಡಿ ಓದಬೇಕು, ಬೇರೆ ದಾರಿ ಇಲ್ಲ. ಹಾಗಂತ ಎಲ್ಲಾ ಸಾಲೂ ಇಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. ಒಳ್ಳೆಯ ಕವಿ ಬೇಕಂತಲೇ ಒತ್ತನ್ನು ಆಚೆ ಈಚೆ ಸರಿಸುತ್ತಾನೆ, ಇಲ್ಲದಿದ್ದರೆ ಹತ್ತು ಸಾಲಿಗೆ ಕೇಳುವವರಿಗೆ ಆಕಳಿಕೆ ಬರುತ್ತದೆ.

ಪ್ರಾಸದಲ್ಲೂ ವ್ಯತ್ಯಾಸ ಇದೆ. ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ, ಅಂದರೆ ಸಾಲು ಶುರುವಾಗುತ್ತಿದ್ದಂತೆಯೇ ಬಂದುಬಿಡುತ್ತದೆ. ಗೋವಿಂದ ಪೈ 1911ರಲ್ಲಿ ಬಿಟ್ಟದ್ದು ಆ ಪ್ರಾಸವನ್ನೇ. ಕಪ್ಲೆಟ್‌ನಲ್ಲಿ ಪ್ರಾಸ ಇರುವುದು ಕೊನೆಯಲ್ಲಿ. ಮೊದಲ ಸಾಲು 'ಸೈನ್' ಅಂತ ನಿಂತಾಗ ಕಿವಿ ಅದರ ಜೊತೆಗಾರನಿಗೆ ಕಾಯುತ್ತಾ ಕೂರುತ್ತದೆ. ಕೊನೆಗೆ 'ಡೈನ್' ಬಂತು. ಸಹಿಗೂ ಊಟಕ್ಕೂ ಪ್ರಾಸ ಕೂಡಿತು. ಜಡ್ಜ್ ಯಾಕೆ ಸಹಿ ಹಾಕಿದ ಅನ್ನುವ ಪ್ರಶ್ನೆಗೆ ಉತ್ತರ ಆ ಪ್ರಾಸದಲ್ಲೇ ಇದೆ.

ಮೂರನೆಯದು ಯತಿ, ಸಾಲಿನ ನಡುವಿನ ನಿಲುಗಡೆ. ಹಳಗನ್ನಡ ಕವಿಗಳು ಯತಿಯನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟವರಲ್ಲ, ಒಂದು ಪದವನ್ನೇ ಎರಡು ಸಾಲಿಗೆ ಹಂಚಿ ಆರಾಮಾಗಿ ಮುಂದೆ ಹೋಗುತ್ತಿದ್ದರು. ಕಪ್ಲೆಟ್ ಕವಿಗಳಿಗೆ ಯತಿ ಜೀವಾಳ. ಅದೇ ತಕ್ಕಡಿಯ ಮುಳ್ಳು. ಒಂದು ಸಾಲಿಗೆ ಎರಡು ಅರ್ಧ, ಎರಡು ಸಾಲಿಗೆ ನಾಲ್ಕು ಅರ್ಧ. ಈ ನಾಲ್ಕನ್ನು ಒಂದರ ಎದುರು ಒಂದು ಹೇಗೆ ಇಡುತ್ತೀರಿ ಅನ್ನುವುದೇ ಆಟ. ಜಾನ್ ಡೆನಮ್ ಅನ್ನುವ ಕವಿ 1642ರಲ್ಲಿ 'ಕೂಪರ್ಸ್ ಹಿಲ್' ಅನ್ನುವ ಪದ್ಯ ಪ್ರಕಟಿಸಿದ. ಅದನ್ನು ತಿದ್ದಿ ಮತ್ತೆ ಪ್ರಕಟಿಸುವಾಗ ಥೇಮ್ಸ್ ನದಿಯ ಬಗ್ಗೆ ನಾಲ್ಕು ಸಾಲು ಸೇರಿಸಿದ. ನದಿ ಹರಿಯುವ ಹಾಗೆ ನನ್ನ ಪದ್ಯವೂ ಹರಿಯಲಿ ಅಂತ ಆಸೆಪಡುತ್ತಾನೆ. ಅವುಗಳಲ್ಲಿ ಕೊನೆಯ ಎರಡು ಇವು:

ದೋ ಡೀಪ್, ಯೆಟ್ ಕ್ಲಿಯರ್, ದೋ ಜೆಂಟ್‌ಲ್, ಯೆಟ್ ನಾಟ್ ಡಲ್,
ಸ್ಟ್ರಾಂಗ್ ವಿದೌಟ್ ರೇಜ್, ವಿದೌಟ್ ಓವರ್‌ಫ್ಲೋಯಿಂಗ್ ಫುಲ್.

ಆಳ, ಆದರೂ ತಿಳಿ. ಸೌಮ್ಯ, ಆದರೂ ಜಡ ಅಲ್ಲ. ಬಲ ಇದೆ, ರೋಷ ಇಲ್ಲ. ಉಕ್ಕುವುದಿಲ್ಲ, ಆದರೆ ತುಂಬಿದೆ. ಎರಡನೇ ಸಾಲಿನಲ್ಲಿ ಮಾಡಿದ ಕೆಲಸ ನೋಡಿ. 'ಬಲ' ಮೊದಲು ಬಂದು 'ಇಲ್ಲದೆ' ಆಮೇಲೆ ಬಂತು, ಮುಂದಿನ ಅರ್ಧದಲ್ಲಿ 'ಇಲ್ಲದೆ' ಮೊದಲು ಬಂದು 'ತುಂಬಿದೆ' ಕೊನೆಗೆ ಬಂತು. ಕನ್ನಡಿಯಲ್ಲಿ ತಿರುಗಿಸಿದ ಜೋಡಣೆ. ಈ ಎರಡು ಸಾಲನ್ನು ಮುಂದಿನ ನೂರು ವರ್ಷ ಕವಿಗಳು ಎಷ್ಟು ಹೊಗಳಿದರು, ಎಷ್ಟು ನಕಲು ಮಾಡಿದರು ಅಂದರೆ ಕೊನೆಗೆ ಅದನ್ನು ಗೇಲಿ ಮಾಡುವುದೂ ಒಂದು ಸಂಪ್ರದಾಯವಾಯಿತು.

ಈಗ ಸ್ವಲ್ಪ ಚರಿತ್ರೆ. ಹತ್ತು ಸಿಲಬಲ್‌ನ ಈ ಜೋಡಿ ಸಾಲನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ನೆಲೆಗೊಳಿಸಿದವನು ಚಾಸರ್, 1380ರ ದಶಕದಲ್ಲಿ. 'ದ ಕ್ಯಾಂಟರ್‌ಬರಿ ಟೇಲ್ಸ್'ನ ಬಹುಭಾಗ ಇದರಲ್ಲೇ ಇದೆ. ಆಮೇಲೆ ಉಚ್ಚಾರಣೆ ಬದಲಾಯಿತು, ಪದದ ಕೊನೆಯ 'ಎ' ಸ್ವರ ಬಿದ್ದುಹೋಯಿತು, ಚಾಸರ್‌ನ ಲಯ ಯಾರ ಕಿವಿಗೂ ಸಿಗದಾಯಿತು. 1700ರಲ್ಲಿ ಕಪ್ಲೆಟ್‌ನ ಮಹಾ ಉಸ್ತಾದ್ ಜಾನ್ ಡ್ರೈಡನ್ನೇ 'ಚಾಸರ್‌ನ ಸಾವಿರಾರು ಸಾಲುಗಳು ಕುಂಟುತ್ತವೆ, ಅರ್ಧ ಗಣ ಕಡಿಮೆ, ಕೆಲವೊಮ್ಮೆ ಪೂರ್ತಿ ಒಂದು ಗಣವೇ ಕಡಿಮೆ' ಅಂತ ಬರೆದ. ಪಾಪ, ಚಾಸರ್ ಸರಿಯಾಗಿಯೇ ಬರೆದಿದ್ದ, ಡ್ರೈಡನ್‌ಗೆ ಕೇಳಿಸಲಿಲ್ಲ ಅಷ್ಟೆ.

ಚಾಸರ್‌ನ ಜೋಡಿಗಳು ಕಥೆ ಹೇಳಲು ಹೊರಟವು, ಹಾಗಾಗಿ ಅರ್ಥ ಒಂದು ಜೋಡಿಯಿಂದ ಇನ್ನೊಂದಕ್ಕೆ ಸಲೀಸಾಗಿ ಹರಿಯುತ್ತದೆ. ಇದನ್ನು ಓಪನ್ ಕಪ್ಲೆಟ್ ಅನ್ನುತ್ತಾರೆ. ಎರಡನೇ ಸಾಲಿನ ಕೊನೆಗೆ ವಾಕ್ಯವೂ ಮುಗಿದು, ಯೋಚನೆಯೂ ಮುಗಿದು, ಬಾಗಿಲು ಹಾಕಿದಂತೆ ನಿಂತರೆ ಅದು ಕ್ಲೋಸ್ಡ್ ಕಪ್ಲೆಟ್. 17ನೇ ಶತಮಾನದಲ್ಲಿ ಎಡ್ಮಂಡ್ ವಾಲರ್, ಡೆನಮ್ ಇಬ್ಬರೂ ಆ ಬಾಗಿಲನ್ನು ಭದ್ರ ಮಾಡಿದರು. ಎರಡೆರಡು ಸಾಲಿಗೆ ಅರ್ಥ ಮುಗಿಸುವುದನ್ನು ನಮಗೆ ತೋರಿಸಿಕೊಟ್ಟವನು ವಾಲರ್ ಅಂತ ಡ್ರೈಡನ್ 1664ರಲ್ಲೇ ಹೇಳಿದ್ದಾನೆ. ಇಂಗ್ಲೆಂಡ್ ಆಗಷ್ಟೇ ಅಂತರ್ಯುದ್ಧ ಮುಗಿಸಿತ್ತು, ಒಬ್ಬ ರಾಜನ ತಲೆ ತೆಗೆದು ಇನ್ನೊಬ್ಬನನ್ನು 1660ರಲ್ಲಿ ವಾಪಸ್ ಕರೆಸಿಕೊಂಡಿತ್ತು. ಅಷ್ಟೆಲ್ಲಾ ಗಲಾಟೆ ಕಂಡವರಿಗೆ ಅಳತೆ, ಅಚ್ಚುಕಟ್ಟು, ಸಮತೋಲ ಇಷ್ಟವಾಗಿದ್ದರಲ್ಲಿ ಆಶ್ಚರ್ಯ ಇಲ್ಲ.

'ಹೀರೋಯಿಕ್' ಅನ್ನುವ ವಿಶೇಷಣ ಬಂದದ್ದು ವೀರರ ಕಥೆ ಹೇಳುವ ಮಹಾಕಾವ್ಯ, ನಾಟಕಗಳಿಗೆ ಇದನ್ನು ಬಳಸಿದ್ದರಿಂದ. ಡ್ರೈಡನ್ ಪಾತ್ರಗಳ ಬಾಯಲ್ಲೆಲ್ಲ ಕಪ್ಲೆಟ್ ಹಾಕಿ ನಾಟಕಗಳನ್ನು ಬರೆದ. ಅವುಗಳಲ್ಲಿ ಒಂದರ ನಾಯಕ ಯಾರು ಗೊತ್ತಾ? ಔರಂಗಜೇಬ. 'ಔರೆಂಗ್‌ಜೇಬ್' ನಾಟಕ ಲಂಡನ್ನಿನ ರಂಗಕ್ಕೆ ಬಂದದ್ದು 1675ರಲ್ಲಿ. ಆಗ ಅಸಲಿ ಔರಂಗಜೇಬ ದಿಲ್ಲಿಯ ಗದ್ದುಗೆಯ ಮೇಲೇ ಇದ್ದ. ಅವನು ನಮ್ಮ ಬಿಜಾಪುರವನ್ನು ಗೆದ್ದದ್ದು ಅದಾಗಿ 11 ವರ್ಷದ ಮೇಲೆ, 1686ರಲ್ಲಿ. ಡ್ರೈಡನ್‌ನ ಔರಂಗಜೇಬ ತಂದೆಗೆ ನಿಷ್ಠನಾದ ಸದ್ಗುಣಿ ಮಗ! ಶಹಜಹಾನ್ ಈ ನಾಟಕ ನೋಡಿದ್ದರೆ ಏನನ್ನುತ್ತಿದ್ದನೋ. ಅದೇ ನಾಟಕದ ಪ್ರಸ್ತಾವನೆಯಲ್ಲಿ ಡ್ರೈಡನ್ ತಾನು ಬಹುಕಾಲ ಪ್ರೀತಿಸಿದ ಪ್ರಾಸಸುಂದರಿ ಈಗ ಬೇಸರ ತರಿಸಿದ್ದಾಳೆ ಅನ್ನುತ್ತಾನೆ. ಅಲ್ಲಿಗೆ ಅವನ ಪ್ರಾಸದ ನಾಟಕಗಳು ಮುಗಿದವು. ಒಳ್ಳೆಯದೇ ಆಯಿತು. ರಂಗದ ಮೇಲೆ ಪ್ರೇಮಿಗಳು ಪ್ರತಿ ಎರಡು ಸಾಲಿಗೆ ಬಾಗಿಲು ಹಾಕುತ್ತಾ ಜಗಳ ಆಡಿದರೆ ಎಷ್ಟು ಹೊತ್ತು ಕೇಳೋದು?

ಆ ಕಾಲದಲ್ಲಿ ಪ್ರಾಸವನ್ನು ಕಟುವಾಗಿ ವಿರೋಧಿಸಿದವನು ಮಿಲ್ಟನ್. 'ಪ್ಯಾರಡೈಸ್ ಲಾಸ್ಟ್'ಗೆ ಬರೆದ ಟಿಪ್ಪಣಿಯಲ್ಲಿ ಪ್ರಾಸ ಅನ್ನುವುದು ಕಿರಿಕಿರಿಯ ಸಂಕೋಲೆ ಅಂತ ಝಾಡಿಸಿದ್ದಾನೆ. ಆ ಮಹಾಕಾವ್ಯವನ್ನೇ ಪ್ರಾಸದ ಸಂಗೀತ ನಾಟಕ ಮಾಡುತ್ತೇನೆ, ಅಪ್ಪಣೆ ಕೊಡಿ ಅಂತ ಡ್ರೈಡನ್ ಹೋಗಿ ಕೇಳಿದನಂತೆ. ಕುರುಡ ಮುದುಕ ಕವಿ, ಆಗಲಿ, ನನ್ನ ಸಾಲುಗಳ ತುದಿಗೆ ಬಾಲ ಕಟ್ಟಿಕೋ ಹೋಗು ಅನ್ನುವ ಅರ್ಥದಲ್ಲಿ ಒಪ್ಪಿಗೆ ಕೊಟ್ಟನಂತೆ.

ಡ್ರೈಡನ್‌ನ ನಿಜವಾದ ಕೈಚಳಕ ಕಾಣುವುದು ವಿಡಂಬನೆಯಲ್ಲಿ. 1682ರಲ್ಲಿ ಅಚ್ಚಾದ 'ಮ್ಯಾಕ್‌ಫ್ಲೆಕ್ನೋ' ಕಾವ್ಯದಲ್ಲಿ ದಡ್ಡರ ರಾಜ್ಯದ ಮುದಿ ರಾಜ ತನ್ನ ವಾರಸುದಾರನನ್ನು ಆರಿಸುತ್ತಾನೆ. ಆಯ್ಕೆಯಾದವನು ಡ್ರೈಡನ್‌ನ ಎದುರಾಳಿ ಥಾಮಸ್ ಶ್ಯಾಡ್‌ವೆಲ್:

ದ ರೆಸ್ಟ್ ಟು ಸಮ್ ಫೇಂಟ್ ಮೀನಿಂಗ್ ಮೇಕ್ ಪ್ರಿಟೆನ್ಸ್,
ಬಟ್ ಶ್ಯಾಡ್‌ವೆಲ್ ನೆವರ್ ಡೀವಿಯೇಟ್ಸ್ ಇಂಟು ಸೆನ್ಸ್.

ಉಳಿದ ಮಕ್ಕಳು ಅಲ್ಪಸ್ವಲ್ಪ ಅರ್ಥ ಇರುವಂತೆ ನಟಿಸುವುದಾದರೂ ಉಂಟು, ಶ್ಯಾಡ್‌ವೆಲ್ ಮಾತ್ರ ಅಪ್ಪಿತಪ್ಪಿಯೂ ಅರ್ಥದ ಕಡೆಗೆ ದಾರಿ ತಪ್ಪುವವನಲ್ಲ. ರಾಜ ಇದನ್ನು ಹೊಗಳಿಕೆಯಾಗಿ ಹೇಳುತ್ತಿದ್ದಾನೆ ಅನ್ನುವುದನ್ನು ಮರೆಯಬೇಡಿ. ವೀರಕಾವ್ಯದ ಗತ್ತು, ಅದರೊಳಗೆ ಚಿಲ್ಲರೆ ವಿಷಯ. ಇದೇ ಮಾಕ್ ಹೀರೋಯಿಕ್. ತಟ್ಟೆಗಳಲ್ಲಿ ಎಂಥ ಬೇರೆ ಬೇರೆ ತೂಕ ಇಡಬಹುದು ಅನ್ನುವುದು ಇಂಗ್ಲಿಷ್ ಕವಿಗಳಿಗೆ ಇಲ್ಲಿ ಸರಿಯಾಗಿ ಗೊತ್ತಾಯಿತು.

ಆಮೇಲೆ ಬಂದ ಪೋಪ್ (1688–1744) ಇದನ್ನು ತುದಿ ಮುಟ್ಟಿಸಿದ. ಕ್ಯಾಥೊಲಿಕ್ ಆದ್ದರಿಂದ ಅವನಿಗೆ ಯೂನಿವರ್ಸಿಟಿ ಬಾಗಿಲು ಮುಚ್ಚಿತ್ತು. ಬೆನ್ನುಮೂಳೆಯ ಕ್ಷಯದಿಂದ ದೇಹ ಬಾಗಿತ್ತು, ಎತ್ತರ ಸುಮಾರು ನಾಲ್ಕೂವರೆ ಅಡಿ. ಮೈಯಲ್ಲಿ ಇಲ್ಲದ ನೇರ ಎಲ್ಲಾ ಸಾಲಿಗೆ ಬಂತು ಅಂತ ಬರೆಯುವವರಿದ್ದಾರೆ. ನನಗೆ ಆ ಥರದ ವ್ಯಾಖ್ಯಾನ ಅಷ್ಟು ಹಿಡಿಸುವುದಿಲ್ಲ, ಅವನು ದಿನವಿಡೀ ಕೂತು ತಿದ್ದುತ್ತಿದ್ದ ಅನ್ನುವುದೇ ಸಾಕಾದಷ್ಟು ವಿವರಣೆ. 1711ರಲ್ಲಿ, ಇನ್ನೂ 23 ತುಂಬುವ ಮೊದಲೇ, 'ಎಸ್ಸೇ ಆನ್ ಕ್ರಿಟಿಸಿಸಮ್' ಪ್ರಕಟಿಸಿದ. ಕಾವ್ಯ ಹೇಗಿರಬೇಕು ಅಂತ ಪದ್ಯದಲ್ಲೇ ಪಾಠ. ಹೇಳುವುದನ್ನು ಹೇಳುತ್ತಲೇ ಮಾಡಿ ತೋರಿಸುತ್ತಾನೆ. ಹತ್ತು ಸಿಲಬಲ್‌ಗಳ ನಡುವೆ ಹನ್ನೆರಡರ ಸಾಲು, ಅಂದರೆ ಅಲೆಕ್ಸಾಂಡ್ರೈನ್, ತುರುಕುವ ಕವಿಗಳನ್ನು ಗೇಲಿ ಮಾಡಲು ತಾನೇ ಒಂದು ಅಲೆಕ್ಸಾಂಡ್ರೈನ್ ಬರೆಯುತ್ತಾನೆ:

ಅ ನೀಡ್‌ಲೆಸ್ ಅಲೆಕ್ಸಾಂಡ್ರೈನ್ ಎಂಡ್ಸ್ ದ ಸಾಂಗ್,
ದಟ್, ಲೈಕ್ ಅ ವೂಂಡೆಡ್ ಸ್ನೇಕ್, ಡ್ರ್ಯಾಗ್ಸ್ ಇಟ್ಸ್ ಸ್ಲೋ ಲೆಂಗ್ತ್ ಅಲಾಂಗ್.

ಗಾಯಗೊಂಡ ಹಾವು ಮೈ ಎಳೆದುಕೊಂಡು ಹೋಗುವ ಹಾಗೆ ಅನ್ನುತ್ತಾನೆ, 'ಡ್ರ್ಯಾಗ್ಸ್ ಇಟ್ಸ್ ಸ್ಲೋ ಲೆಂಗ್ತ್' ಅನ್ನುವಾಗ ನಿಮ್ಮ ನಾಲಿಗೆಯೂ ಹಾಗೇ ತೆವಳುತ್ತದೆ. ಬೇಗ ಹೇಳಿ ನೋಡಿ, ಆಗಲ್ಲ.

'ದ ರೇಪ್ ಆಫ್ ದ ಲಾಕ್' ಹುಟ್ಟಿದ್ದು ಒಂದು ಕೂದಲ ಎಳೆಯ ಜಗಳದಿಂದ. ಲಾರ್ಡ್ ಪೀಟರ್ ಅನ್ನುವವನು ಅರಾಬೆಲಾ ಫರ್ಮರ್ ಅನ್ನುವ ಹುಡುಗಿಯ ಗುಂಗುರು ಕೂದಲನ್ನು ಕತ್ತರಿಸಿಕೊಂಡ, ಎರಡು ಕುಟುಂಬಗಳು ಮಾತು ಬಿಟ್ಟವು. ಒಂದು ಪದ್ಯ ಬರೆದು ನಗಿಸಿ ರಾಜಿ ಮಾಡಿಸಪ್ಪ ಅಂತ ಸ್ನೇಹಿತ ಜಾನ್ ಕ್ಯಾರಿಲ್ ಕೇಳಿಕೊಂಡ. 1712ರಲ್ಲಿ ಎರಡು ಸರ್ಗ ಬಂದವು, 1714ರಲ್ಲಿ ಐದಾದವು. ಕೂದಲಿಗೆ ಟ್ರೋಜನ್ ಯುದ್ಧದ ಗಾಂಭೀರ್ಯ. ಅದರಲ್ಲಿ ರಾಣಿ ಆ್ಯನ್ ಬಗ್ಗೆ ಹೀಗೆ ಬರುತ್ತದೆ:

ಹಿಯರ್ ದೌ, ಗ್ರೇಟ್ ಆನಾ! ಹೂಮ್ ತ್ರೀ ರೆಲ್ಮ್ಸ್ ಒಬೇ,
ಡಸ್ಟ್ ಸಮ್‌ಟೈಮ್ಸ್ ಕೌನ್ಸೆಲ್ ಟೇಕ್ — ಅಂಡ್ ಸಮ್‌ಟೈಮ್ಸ್ ಟೀ.

ಮೂರು ರಾಜ್ಯಗಳು ತಲೆಬಾಗುವ ಮಹಾರಾಣಿ, ಇಲ್ಲಿ ನೀನು ಒಮ್ಮೊಮ್ಮೆ ಮಂತ್ರಾಲೋಚನೆ ತಗೊಳ್ಳುತ್ತೀಯ, ಒಮ್ಮೊಮ್ಮೆ ಟೀ ತಗೊಳ್ಳುತ್ತೀಯ. ಪ್ರಾಸ ಕೂಡಲಿಲ್ಲವಲ್ಲ ಅನ್ನಬೇಡಿ. ಆಗ ಅದನ್ನು 'ಟೇ' ಅಂತ ಉಚ್ಚರಿಸುತ್ತಿದ್ದರು. ಒಂದೇ ಕ್ರಿಯಾಪದ, ಎರಡು ಕರ್ಮ, ಒಂದು ಘನ, ಇನ್ನೊಂದು ಹಗುರ. ಅದೇ ಕಾವ್ಯದಲ್ಲಿ ಇನ್ನೊಂದು ಕಡೆ, ಹುಡುಗಿ ಮಾನಕ್ಕೆ ಕಲೆ ತಂದುಕೊಳ್ಳುತ್ತಾಳೋ ಹೊಸ ರೇಷ್ಮೆ ಬಟ್ಟೆಗೆ ಕಲೆ ಮಾಡಿಕೊಳ್ಳುತ್ತಾಳೋ ಅಂತ ಒಂದೇ ಸಾಲಿನಲ್ಲಿ ಚಿಂತೆ. ಆ ಸಮಾಜಕ್ಕೆ ಎರಡೂ ಒಂದೇ ತೂಕ. ಪೋಪ್ ಹಾಗಂತ ಬಾಯಿಬಿಟ್ಟು ಹೇಳುವುದಿಲ್ಲ, ವ್ಯಾಕರಣದ ಕೈಯಲ್ಲಿ ಹೇಳಿಸುತ್ತಾನೆ.

ಗೇಲಿಗೆ ಮಾತ್ರ ಇದು ಲಾಯಕ್ಕು ಅನ್ನುವವರಿಗೆ ನ್ಯೂಟನ್ ಸಮಾಧಿಗೆಂದು ಪೋಪ್ ಬರೆದ ಎರಡು ಸಾಲು ತೋರಿಸಬೇಕು:

ನೇಚರ್ ಅಂಡ್ ನೇಚರ್ಸ್ ಲಾಸ್ ಲೇ ಹಿಡ್ ಇನ್ ನೈಟ್:
ಗಾಡ್ ಸೆಡ್, ಲೆಟ್ ನ್ಯೂಟನ್ ಬಿ! ಅಂಡ್ ಆಲ್ ವಾಸ್ ಲೈಟ್.

ಮೊದಲ ಸಾಲು ಪೂರಾ ಕತ್ತಲು. ಎರಡನೆಯದು ಬೈಬಲ್ಲಿನ ಸೃಷ್ಟಿಯ ಮಾತನ್ನೇ ಹಿಡಿದು, 'ಬೆಳಕಾಗಲಿ' ಅನ್ನುವ ಜಾಗದಲ್ಲಿ ನ್ಯೂಟನ್‌ನನ್ನು ಕೂರಿಸುತ್ತದೆ. ರಾತ್ರಿಗೆ ಪ್ರಾಸ ಬೆಳಕು. 20ನೇ ಶತಮಾನದಲ್ಲಿ ಜೆ. ಸಿ. ಸ್ಕ್ವೈರ್ ಇದಕ್ಕೆ ಇನ್ನೊಂದು ಜೋಡಿ ಸೇರಿಸಿದ. ಆ ಬೆಳಕು ಜಾಸ್ತಿ ದಿನ ನಿಲ್ಲಲಿಲ್ಲ, ಸೈತಾನ 'ಐನ್‌ಸ್ಟೈನ್ ಆಗಲಿ' ಅಂತ ಕೂಗಿ ಮೊದಲಿನ ಸ್ಥಿತಿಗೇ ತಂದುಬಿಟ್ಟ ಅಂತ.

ಒಂದೇ ಒಂದು ಪದ ಎಷ್ಟು ಕೆಲಸ ಮಾಡಬಲ್ಲದು ಅನ್ನುವುದಕ್ಕೆ ಸ್ಯಾಮ್ಯುಯೆಲ್ ಜಾನ್ಸನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1749ರ 'ದ ವ್ಯಾನಿಟಿ ಆಫ್ ಹ್ಯೂಮನ್ ವಿಶಸ್'ನಲ್ಲಿ ವಿದ್ವಾಂಸನ ಕಷ್ಟಗಳ ಪಟ್ಟಿ ಕೊಡುತ್ತಾನೆ: ದುಡಿಮೆ, ಹೊಟ್ಟೆಕಿಚ್ಚು, ಬಡತನ, ಗ್ಯಾರೆಟ್, ಜೈಲು. ಗ್ಯಾರೆಟ್ ಅಂದರೆ ಸೂರಿನ ಕೆಳಗಿನ ಇಕ್ಕಟ್ಟಾದ ಬಾಡಿಗೆ ಕೋಣೆ. ಆ ಹೊತ್ತಿಗೆ ಜಾನ್ಸನ್ ನಿಘಂಟು ಬರೆಯುತ್ತಿದ್ದ. ಪೋಷಕನಾಗಬೇಕಿದ್ದ ಲಾರ್ಡ್ ಚೆಸ್ಟರ್‌ಫೀಲ್ಡ್ ವರ್ಷಗಟ್ಟಲೆ ತಿರುಗಿ ನೋಡಲಿಲ್ಲ, ಕೆಲಸ ಮುಗಿಯುವ ಹೊತ್ತಿಗೆ ಬಂದು ಹೊಗಳಿ ಬರೆದ. 1755ರಲ್ಲಿ ಜಾನ್ಸನ್ ಅವನಿಗೊಂದು ಖಾರವಾದ ಕಾಗದ ಬರೆದ, ಪದ್ಯದಲ್ಲಿ 'ಗ್ಯಾರೆಟ್' ಹೊಡೆದು ಹಾಕಿ 'ಪೇಟ್ರನ್' ಅಂತ ತಿದ್ದಿದ:

ಟಾಯ್ಲ್, ಎನ್ವಿ, ವಾಂಟ್, ದ ಪೇಟ್ರನ್, ಅಂಡ್ ದ ಜೇಲ್.

ಎರಡೂ ಎರಡು ಸಿಲಬಲ್‌ನ ಪದ, ಎರಡಕ್ಕೂ ಒತ್ತು ಮೊದಲನೆಯದರ ಮೇಲೆ. ಲಯ ಕೂದಲೆಳೆಯಷ್ಟೂ ಅಲುಗಲಿಲ್ಲ. ಮಹಾಪೋಷಕರು ಮಾತ್ರ ಬಡತನಕ್ಕೂ ಜೈಲಿಗೂ ನಡುವೆ ಹೋಗಿ ಕೂತರು.

ಈ ರೂಪ ಯಾರ ಕೈಗೆಲ್ಲ ಹೋಯಿತು ಅನ್ನುವುದೂ ಮುಖ್ಯ. ಫಿಲಿಸ್ ವೀಟ್ಲಿಯನ್ನು ಆಫ್ರಿಕಾದಿಂದ ಪುಟ್ಟ ಹುಡುಗಿಯಾಗಿದ್ದಾಗ ಹಿಡಿದು ತಂದು 1761ರಲ್ಲಿ ಬೋಸ್ಟನ್‌ನಲ್ಲಿ ಗುಲಾಮಳಾಗಿ ಮಾರಿದರು. ಆಕೆ ಪೋಪ್‌ನನ್ನು ಓದಿ ಕಲಿತು ಕಪ್ಲೆಟ್‌ಗಳಲ್ಲಿ ಬರೆದ ಪದ್ಯಗಳ ಪುಸ್ತಕ 1773ರಲ್ಲಿ ಲಂಡನ್ನಿನಲ್ಲಿ ಬಂತು. ಇವನ್ನು ಇವಳೇ ಬರೆದಿದ್ದಾಳೆ ಅಂತ ಬೋಸ್ಟನ್ನಿನ 18 ಗಣ್ಯರು ಸಹಿ ಹಾಕಿದ ಪತ್ರ ಆ ಪುಸ್ತಕದ ಮುಂಭಾಗದಲ್ಲಿದೆ. ಯಜಮಾನರ ಮನೆಯ ಅತ್ಯಂತ ನಾಜೂಕಿನ ರೂಪ ಅವಳ ಕೈಯಲ್ಲಿ ಸಲೀಸಾಗಿ ನಡೆಯಿತು ಅನ್ನುವುದೇ ಅವರಿಗೆ ನಂಬಲಾಗದ ಸಂಗತಿಯಾಗಿತ್ತು.

ಆಮೇಲೆ ಗಾಳಿ ಬದಲಾಯಿತು. ಪೋಪ್‌ನ ನಂತರ ಸಾವಿರಾರು ಜನ ಅವನಂತೆ ಬರೆದರು, ಲಯ ಯಂತ್ರದಂತೆ ಆಯಿತು. 1817ರಲ್ಲಿ ಕೀಟ್ಸ್ 'ಸ್ಲೀಪ್ ಅಂಡ್ ಪೊಯಟ್ರಿ'ಯಲ್ಲಿ, ಇವರೆಲ್ಲ ಆಟದ ಮರದ ಕುದುರೆ ಮೇಲೆ ತೂಗಾಡುತ್ತಾ ಅದನ್ನೇ ಪೆಗಸಸ್, ಅಂದರೆ ಗ್ರೀಕ್ ಪುರಾಣದ ರೆಕ್ಕೆಯ ಕುದುರೆ, ಅಂದುಕೊಂಡರು ಅಂತ ಹಂಗಿಸಿದ. ಮಜಾ ಏನೆಂದರೆ ಈ ಬೈಗುಳವೂ ಕಪ್ಲೆಟ್‌ನಲ್ಲೇ ಇದೆ! ಆದರೆ ಓಪನ್ ಕಪ್ಲೆಟ್, ವಾಕ್ಯಗಳು ಸಾಲು ಮೀರಿ ಹೋಗುತ್ತವೆ. ಅದರ ಮುಂದಿನ ವರ್ಷದ 'ಎಂಡಿಮಿಯನ್' ಕೂಡ ಹಾಗೇ. ಬ್ರೌನಿಂಗ್ 1842ರ 'ಮೈ ಲಾಸ್ಟ್ ಡಚೆಸ್'ನಲ್ಲಿ ಇನ್ನೂ ಮುಂದೆ ಹೋದ. ಡ್ಯೂಕ್ ಒಬ್ಬ ಸಹಜವಾಗಿ ಮಾತಾಡುತ್ತಿದ್ದಾನೆ ಅನ್ನಿಸುತ್ತದೆ, ಪ್ರಾಸ ಇದೆ ಅಂತ ಎಷ್ಟೋ ಜನರಿಗೆ ಮೊದಲ ಓದಿನಲ್ಲಿ ಗೊತ್ತೇ ಆಗುವುದಿಲ್ಲ.

ಕನ್ನಡದವರಿಗೆ ಪೋಪ್ ಅಷ್ಟಾಗಿ ಹತ್ತಿರವಾಗದೆ ಇರುವುದಕ್ಕೂ ಇಲ್ಲೇ ಕಾರಣ ಇದೆ. ಬಿ. ಎಂ. ಶ್ರೀ ಅವರ 'ಇಂಗ್ಲಿಷ್ ಗೀತಗಳು' ಮತ್ತು ಆ ಕಾಲದ ನಮ್ಮ ಕವಿಗಳ ಒಲವು ವರ್ಡ್ಸ್‌ವರ್ತ್, ಶೆಲ್ಲಿ ಕಡೆಗಿತ್ತು. ಅಂದರೆ ಕಪ್ಲೆಟ್ ಕೋಟೆಯನ್ನು ಒಡೆದು ಹೊರಬಂದವರ ಕಡೆಗೆ. ಭಾವಗೀತೆಗೆ ಒಗ್ಗಿದ ಕಿವಿಗೆ ಈ ಲೆಕ್ಕಾಚಾರದ ಪದ್ಯ ಮೊದಲು ತಣ್ಣಗೆ ಅನ್ನಿಸುವುದು ಸಹಜವೇ.

20ನೇ ಶತಮಾನದಲ್ಲಿ ಕಪ್ಲೆಟ್ ಸತ್ತಿತು ಅಂದರೂ ತಪ್ಪು. ಎಲಿಯಟ್ 'ದ ವೇಸ್ಟ್ ಲ್ಯಾಂಡ್'ನ ಕರಡಿನಲ್ಲಿ ಪೋಪ್ ಧಾಟಿಯ ಉದ್ದನೆಯ ಭಾಗ ಬರೆದಿದ್ದ. ಅವನ ಸ್ನೇಹಿತ, ಕವಿ ಎಜ್ರಾ ಪೌಂಡ್, ಇದನ್ನು ಪೋಪ್ ಎಷ್ಟು ಚೆನ್ನಾಗಿ ಮಾಡಿಟ್ಟಿದ್ದಾನೆ ಅಂದರೆ ನೀನು ಅದಕ್ಕಿಂತ ಚೆನ್ನಾಗಿ ಮಾಡಲಾರೆ ಅಂತ ಹೇಳಿ ತೆಗೆಸಿದ. ಇನ್ನು ನಬೊಕೊವ್‌ನ 1962ರ ಕಾದಂಬರಿ 'ಪೇಲ್ ಫೈರ್' ಒಳಗೆ 999 ಸಾಲಿನ ಒಂದು ಕವಿತೆ ಇದೆ, ಪೂರಾ ಹೀರೋಯಿಕ್ ಕಪ್ಲೆಟ್. 999 ಅಂದರೆ ಬೆಸ ಸಂಖ್ಯೆ, ಕೊನೆಯ ಸಾಲಿಗೆ ಜೋಡಿ ಇಲ್ಲ, ಕವಿ ಅಷ್ಟರಲ್ಲಿ ಕೊಲೆಯಾಗಿದ್ದಾನೆ. ಆ ಸಾಲು 'ಲೇನ್' ಅಂತ ಮುಗಿಯುತ್ತದೆ, ಕವಿತೆಯ ಮೊದಲ ಸಾಲು 'ಸ್ಲೇನ್' ಅಂತ ಮುಗಿಯುತ್ತದೆ. ಹಾಗಾಗಿ ಸಾವಿರದ ಸಾಲು ಮೊದಲ ಸಾಲೇ ಆಗಿರಬೇಕು ಅಂತ ಕಾದಂಬರಿಯ ಅರೆಹುಚ್ಚ ಸಂಪಾದಕ ವಾದಿಸುತ್ತಾನೆ. ಪ್ರಾಸಕ್ಕೆ ಕಾಯುವ ಕಿವಿಯ ಚಟವನ್ನು ಇಷ್ಟು ಚೆನ್ನಾಗಿ ಕಥೆಯಾಗಿ ಬಳಸಿಕೊಂಡವರು ಅಪರೂಪ.

ಓದಲು ಶುರುಮಾಡುವವರು 'ದ ರೇಪ್ ಆಫ್ ದ ಲಾಕ್'ನ ಮೂರನೇ ಸರ್ಗದಿಂದ ಶುರುಮಾಡಿ, ಪೋಪ್‌ನದೇ ಆದ 'ಎಸ್ಸೇ ಆನ್ ಮ್ಯಾನ್'ನಿಂದ ಖಂಡಿತ ಬೇಡ. ಒಂದು ಕೂರಿಕೆಗೆ ಐವತ್ತು ಸಾಲು ಸಾಕು, ಅದಕ್ಕಿಂತ ಜಾಸ್ತಿ ಓದಿದರೆ ಎಷ್ಟೇ ಒಳ್ಳೆಯ ಕಪ್ಲೆಟ್ ಆದರೂ ದಣಿಸುತ್ತದೆ. ಯಾವುದಾದರೂ ಜೋಡಿ ಅರ್ಥವಾಗದಿದ್ದರೆ ಮೊದಲು ಪ್ರಾಸದ ಎರಡು ಪದ ಮಾತ್ರ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿ, ಆಮೇಲೆ ಯತಿ ಎಲ್ಲಿ ಬಿದ್ದಿದೆ ಹುಡುಕಿ. ಡಿಕ್ಷನರಿ ತೆರೆಯುವುದು ಅದಾದ ಮೇಲೆ.